ಕೊರಡಿನ ಸದ್ದು

ಬಡವನಹಳ್ಳಿ, ಮಧುಗಿರಿ ತಾಲ್ಲೂಕು
20-2-2025, ಗುರುವಾರ

ಪ್ರೀತಿಯ ತಮ್ಮ ಮೂರ್ತಿಗೆ,

ನಿನ್ನ ಅಕ್ಕ ಯಶೋದಳ ಆಶೀರ್ವಾದ. ಹೇಗಿದ್ದೀಯ? ಆ ಪಾವಗಡದ ಬಿಸಿಲಿಗೆ ತಲೆಗೆ ಟವಲ್ಲಾದರೂ ಸುತ್ತಿಕೊಳ್ಳುತ್ತೀಯೋ, ಇಲ್ಲ ಅದನ್ನೂ ಎಲ್ಲಾದರೂ ಮರೆತು ಬರುತ್ತೀಯೋ? ನಮ್ಮ ಎದುರು ಮನೆಯ ನವೀನ್ ಕುಮಾರ್ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ್ದಾನೆ. ಸಂಕ್ರಾಂತಿಗೆ ಊರಿಗೆ ಬಂದವನು ಜಗಲಿಯ ಮೇಲೆ ಕೂತು ಅಲ್ಲಿನ ಸುದ್ದಿ ಹೇಳುತ್ತಿದ್ದ. ಪ್ಯಾನೆಲ್ ತೊಳೆಯುವ ಟ್ಯಾಂಕರಿನ ಹಿಂದೆ ಒಬ್ಬ ಆಳಿದ್ದಾನಂತೆ, ನಲವತ್ತು ದಾಟಿದವನು. ಬೆಳಗ್ಗೆಯಿಂದ ಸಂಜೆಯವರೆಗೆ ಸಾಲು ಹಿಡಿದು ನಡೆಯುತ್ತಾನಂತೆ, ಊಟಕ್ಕೂ ಕೂರದೆ ತಟ್ಟೆ ಕೈಯಲ್ಲಿ ಹಿಡಿದು ಅಡ್ಡಾಡುತ್ತಲೇ ಉಣ್ಣುತ್ತಾನಂತೆ, ತಿಂಗಳಿಗೊಂದು ಫೋನು ಕಳೆಯುತ್ತಾನಂತೆ, ತೆಲುಗು ಕನ್ನಡ ಕಲಸಿ ಮಾತಾಡಿ ಎಲ್ಲರನ್ನೂ ನಗಿಸುತ್ತಾನಂತೆ. ಅವನು ಹೆಸರು ಹೇಳುವ ಮೊದಲೇ ನಾನು ಒರಳಿನ ಹತ್ತಿರದಿಂದ ಎದ್ದು ಬಂದಿದ್ದೆ. ತಟ್ಟೆ ಹಿಡಿದು ಅಡ್ಡಾಡುತ್ತಾ ಉಣ್ಣುವವನು ಈ ಸೀಮೆಯಲ್ಲಿ ಒಬ್ಬನೇ ಎಂದು ಇಷ್ಟು ವರ್ಷ ತಿಳಿದಿದ್ದೆ. ಈಗ ಇಬ್ಬರಾಗಿದ್ದಾರೆ, ಇನ್ನೊಬ್ಬಳು ನನ್ನ ಮನೆಯಲ್ಲೇ. ಅದಕ್ಕೇ ಈ ಕಾಗದ. ನಿನ್ನ ನಂಬರು ಇವತ್ತೊಂದು ನಾಳೆಯೊಂದು, ಆದ್ದರಿಂದ ಬರೆದು, ಈಗ ಮತ್ತೆ ಊರಿಗೆ ಬಂದಿರುವ ನವೀನನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಸಿಟ್ಟು ಬಂದರೆ ಬರಲಿ, ಆದರೆ ಪೂರ್ತಿ ಓದಿ ಆಮೇಲೆ ಹರಿ.

ಇಲ್ಲಿ ನಾವೆಲ್ಲ ಇದ್ದೇವೆ. ನಿನ್ನ ಭಾವ ಯೋಗೀಶ ಗೂಡ್ಸ್ ಆಟೋ ಓಡಿಸಿಕೊಂಡಿದ್ದಾರೆ. ಟೊಮೆಟೊ ಸುಗ್ಗಿಯಲ್ಲಿ ಮೂರು ದಿನಕ್ಕೊಮ್ಮೆ ಮುಖ ತೋರಿಸುತ್ತಾರೆ. ನನಗೆ ಮೊಣಕಾಲು ನೋವು, ನಾಲಿಗೆ ಮಾತ್ರ ಮೊದಲಿನ ಹಾಗೇ ಚುರುಕಾಗಿದೆ ಎಂದು ಅವರ ದೂರು. ಅಪ್ಪನಿಗೆ ಎಂಬತ್ತಾಯಿತು. ಅವ್ವ ಹೋದ ಮೇಲೆ ನಾವೇ ಈ ಹಳೇ ಮನೆಗೆ ಬಂದು ಅವರ ಜೊತೆ ಇದ್ದೇವೆ. ಕಣ್ಣು ಮಂಜಾಗಿದೆ, ಬೆರಳುಗಳು ಮಡಚಿಕೊಂಡಿವೆ, ಹಲ್ಲಿಲ್ಲದಿದ್ದರೂ ಅವರೆಕಾಳು ಸಾರು ಎಂದರೆ ಇನ್ನೊಂದು ಮುದ್ದೆ ಕೇಳುತ್ತಾರೆ. ಹೋದ ತಿಂಗಳು ಎಡಗೈಯ ಅಂಗೈಗೆ ಕುಡುಗೋಲು ತಾಗಿ ಐದು ಹೊಲಿಗೆ ಬಿತ್ತು. ಈಗ ಮಾಗಿದೆ. ಅಷ್ಟು ವಯಸ್ಸಾದವರ ಕೈಗೆ ಕುಡುಗೋಲು ಯಾಕೆ ಕೊಟ್ಟೆ ಎಂದು ಕೇಳಬೇಡ, ನಾನು ಕೊಡಲಿಲ್ಲ. ನೀನು ಅಪ್ಪನ ಆರೋಗ್ಯ ಕೇಳುವುದಿಲ್ಲ ಎಂದು ನನಗೆ ಗೊತ್ತು. ಆದರೂ ಬರೆದಿದ್ದೇನೆ, ಕಾಗದ ಎಂದ ಮೇಲೆ ಎಲ್ಲರ ಕ್ಷೇಮವನ್ನೂ ಬರೆಯಬೇಕು.

ಈಗ ನಿನ್ನ ಸೊಸೆಯ ಸಮಾಚಾರ. ಸ್ನೇಹಲತಾಳನ್ನು ನೀನು ನೋಡಿದ್ದು ಒಂದೇ ಸಲ. ಅವ್ವನ ಮಣ್ಣಿಗೆ ಬಂದು ಹೊಲದ ಬದುವಿನ ಮೇಲೆ ನಿಂತಿದ್ದವನು, ಮನೆಯ ಹೊಸ್ತಿಲು ತುಳಿಯದೆ ಹಾಗೇ ಹೋದೆಯಲ್ಲ, ಆಗ ಐದು ವರ್ಷದ ಹುಡುಗಿಯೊಂದು ಓಡಿ ಬಂದು ನಿನ್ನ ಜೇಬಿಗೆ ಕೈ ಹಾಕಿ ಬೀಡಿ ಕಟ್ಟು ಎತ್ತಿಕೊಂಡು ಹೋಗಿತ್ತು, ನೆನಪಿದೆಯಾ? ಅವಳೇ. ಈಗ ಎಂಟು ವರ್ಷ, ಮೂರನೇ ಕ್ಲಾಸು. ಹತ್ತು ವರ್ಷ ಹರಕೆ ಹೊತ್ತು ಹೆತ್ತ ಮಗಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಆದರೆ ಇವಳನ್ನು ನೋಡಿದರೆ ಹೆರದವರಿಗೂ ಮುದ್ದು ಬರುತ್ತದೆ, ಐದು ನಿಮಿಷ ಮಾತ್ರ. ಆರನೇ ನಿಮಿಷಕ್ಕೆ ಅವರ ಮನೆಯ ಹಿಟ್ಟಿನ ಡಬ್ಬ ನೆಲದಲ್ಲಿರುತ್ತದೆ. ಜಡೆ ಹಾಕುವಷ್ಟು ಹೊತ್ತೂ ನಿಲ್ಲುವುದಿಲ್ಲ, ಒಂದು ಜಡೆ ಹಾಕಿಸಿಕೊಂಡು ಇನ್ನೊಂದನ್ನು ಬಿಚ್ಚಿಕೊಂಡೇ ಓಡುತ್ತಾಳೆ. ಹೇಳಿದ ಮಾತು ಕಿವಿಗೆ ಬೀಳುವ ಮೊದಲೇ ಬೇರೆ ಕಡೆ ಹೋಗಿರುತ್ತಾಳೆ. ದಡ್ಡಿ ಅಂತೂ ಅಲ್ಲ. ಲೆಕ್ಕ ಕೇಳಿದರೆ ಬಾಯಲ್ಲಿ ಉತ್ತರ ಇದೆ, ಬರೆ ಎಂದರೆ ಅರ್ಧಕ್ಕೆ ಪೆನ್ಸಿಲ್ ಬಿಟ್ಟು ಎದ್ದಿರುತ್ತಾಳೆ. ಒಂದು ದಿನ ನಾನು ರೇಗಿ, ಒಂದು ಕಡೆ ಕೂರೋಕೆ ಏನು ರೋಗ ನಿಂಗೆ ಎಂದು ಬೆನ್ನಿಗೆ ಎರಡು ಬಿಟ್ಟೆ. ಅವಳು ಅಳುತ್ತಾ ಹೇಳಿದ್ದು ಕೇಳಿ ನನ್ನ ಕೈ ಹಾಗೇ ನಿಂತುಬಿಟ್ಟಿತು. "ನಾನಲ್ಲ ಕಣಮ್ಮ. ಒಳಗೆ ಯಾರೋ ಓಡ್ತಾವ್ರೆ. ನಾನು ಅವ್ರ ಹಿಂದೆ ಹೋಗ್ತೀನಿ ಅಷ್ಟೇ."

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ ಮೂರ್ತಿ. ಹತ್ತು ವರ್ಷದವನಿದ್ದಾಗ ಹುಣಸೆ ಮರದ ಕೆಳಗೆ ನೀನು ನನಗೆ ಹೇಳಿದ ಮಾತು ಇದು, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಶಾಲೆಯ ಹೆಡ್ ಮಾಸ್ಟರು ಗಂಗಹನುಮಯ್ಯನವರು ಕೆಟ್ಟವರಲ್ಲ. ಆದರೆ ಐದು ಕ್ಲಾಸಿಗೆ ಇಬ್ಬರೇ ಮೇಷ್ಟ್ರು, ಅವರಾದರೂ ಏನು ಮಾಡಿಯಾರು? ವಾರದಲ್ಲಿ ಮೂರು ಸಲ ಫೋನು ಬರುತ್ತಿತ್ತು. ಮಗು ಕಾಂಪೌಂಡು ಹಾರಿದೆ, ಮಗು ಬಿಸಿಯೂಟದ ಕೋಣೆಗೆ ನುಗ್ಗಿದೆ, ಬಂದು ಕರೆದುಕೊಂಡು ಹೋಗಿ. ನಾನು ಆಗ ಶಿರಾ ರಸ್ತೆಯ ಗಾರ್ಮೆಂಟ್ಸಿನಲ್ಲಿ ಟೈಲರ್. ಮಿಷನ್ ಬಿಟ್ಟು ಎದ್ದರೆ ಆ ದಿನದ ಹಾಜರಿ ಹೋಯಿತು. ಕಡೆಗೆ ಹೋದ ಜೂನ್‌ನಲ್ಲಿ ಕೆಲಸವನ್ನೇ ಬಿಟ್ಟೆ. ಬಿಟ್ಟ ಮೇಲೆ ತಿಳಿಯಿತು, ಕೆಲಸದ ಜೊತೆ ಇಎಸ್‌ಐ ಕಾರ್ಡೂ ಹೋಯಿತೆಂದು. ಕಾರ್ಡಿದ್ದ ಆರು ವರ್ಷ ಮಗುವನ್ನು ಆಸ್ಪತ್ರೆಗೆ ತೋರಿಸಲು ಹೊತ್ತಿರಲಿಲ್ಲ, ಹೊತ್ತು ಸಿಕ್ಕಾಗ ಕಾರ್ಡಿರಲಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ ಎನ್ನುವ ಗಾದೆಯನ್ನು ನನ್ನಂಥವಳನ್ನು ನೋಡಿಯೇ ಮಾಡಿರಬೇಕು.

ಮೊದಲು ಎಲ್ಲರೂ ಹೇಳಿದ ಹಾಗೆ ಗಾಳಿ ಸೋಕಿದೆ ಎಂದೇ ಓಡಾಡಿದೆ. ಕೊರಟಗೆರೆ ಕಡೆಯ ನಾಟಿ ಔಷಧಿ ಕುಡಿಸಿದೆ, ಅರ್ಧ ಅವಳ ಹೊಟ್ಟೆಗೆ ಹೋಯಿತು, ಅರ್ಧ ನನ್ನ ಸೀರೆಗೆ. ಶಿರಾದಲ್ಲಿ ತಾಯಿತ ಕಟ್ಟುವ ಒಬ್ಬ ಮುದುಕ ಸಾಬರು, ಅವಳು ಅವರ ನವಿಲುಗರಿಯನ್ನು ಕಿತ್ತುಕೊಂಡು ಅವರಿಗೇ ಬೀಸಿದಾಗ ನಕ್ಕುಬಿಟ್ಟರು. "ನಿಮ್ ಬೇಟಿಗೆ ಗಾಳಿ ಗೀಳಿ ಏನಿಲ್ಲಮ್ಮ, ದವಾಖಾನೆಗೆ ತೋರ್ಸಿ" ಎಂದು ದುಡ್ಡೂ ಮುಟ್ಟದೆ ಕಳಿಸಿದರು. ಇಷ್ಟು ಜನ ಓದಿದವರ ನಡುವೆ ಮೊದಲು ಸರಿಯಾದ ದಾರಿ ತೋರಿಸಿದವರು ಅವರೇ.

ತುಮಕೂರಿನ ಒಂದು ದೊಡ್ಡ ಆಸ್ಪತ್ರೆಗೆ ಹೋದೆವು, ರೇಷನ್ ಕಾರ್ಡಿನವರಿಗೆ ಕೊಡುತ್ತಾರಲ್ಲ ಆ ಆರೋಗ್ಯದ ಕಾರ್ಡು ಹಿಡಿದುಕೊಂಡು. ಕೌಂಟರಿನ ಹುಡುಗಿ ಕಾರ್ಡನ್ನು ತಿರುಗಿಸಿ ನೋಡಿ, ಮಗು ಅಡ್ಮಿಟ್ ಆಗುತ್ತಾ ಎಂದು ಕೇಳಿದಳು. ಇಲ್ಲ, ನಡೆದಾಡುವ ಮಗು ಎಂದೆ. ಹಾಗಾದರೆ ಈ ಕಾರ್ಡು ಬರುವುದಿಲ್ಲ, ಹಾಸಿಗೆ ಹಿಡಿದವರಿಗೆ ಮಾತ್ರ ಎಂದಳು. ನನ್ನ ನಾಲಿಗೆ ಸುಮ್ಮನಿರುತ್ತದೆಯೇ? ಇವಳು ಹಾಸಿಗೆಯ ಮೇಲೆ ಮಲಗುವ ಮಗುವಾಗಿದ್ದರೆ ನಾನು ಇಲ್ಲಿಗೆ ಯಾಕೆ ಬರುತ್ತಿದ್ದೆ ತಾಯಿ ಎಂದೆ. ಅವಳೂ ನಕ್ಕಳು, ಪಾಪ, ಅವಳು ಮಾಡಿದ ಕಾನೂನಲ್ಲ. ವಾರಕ್ಕೆರಡು ಸಲ ಮಗುವಿಗೆ ಕೂತು ಕಲಿಸುವ ಟ್ರೈನಿಂಗ್ ಇದೆ, ತಿಂಗಳುಗಟ್ಟಲೆ ಬರಬೇಕು, ಕೈಯಿಂದ ದುಡ್ಡು ಕಟ್ಟಬೇಕು ಎಂದು ಒಂದು ಚೀಟಿ ಕೊಟ್ಟಳು. ನಿನ್ನ ಭಾವ ಆ ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು.

ಆಮೇಲೆ ಆಶಾ ಕಾರ್ಯಕರ್ತೆಯ ಬಾಯಿಂದ ತಿಳಿಯಿತು, ಮಂಗಳವಾರ ಮಧುಗಿರಿ ಸರ್ಕಾರಿ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ, ಚೀಟಿ ಮಾಡಿಸಿದರೆ ಸಾಕು ಎಂದು. ನವೆಂಬರ್‌ನಲ್ಲಿ ಮೊದಲ ಸಲ ಹೋದೆ. ಡಾಕ್ಟರ್ ಗಂಗಾಂಬಿಕಾ, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸಾಲಿನಲ್ಲಿ ಅರವತ್ತು ಜನ ಇದ್ದರೂ ಸ್ನೇಹಳಿಗೆ ಅರ್ಧ ಗಂಟೆ ಕೊಟ್ಟರು. ಇವಳು ಅವರ ಸ್ಟೆತಾಸ್ಕೋಪು ಹಾಕಿಕೊಂಡು ಮೇಜನ್ನು ಪರೀಕ್ಷೆ ಮಾಡುತ್ತಿದ್ದಳು. ಅವರು ಬೈಯಲಿಲ್ಲ, ಮೇಜು ಹೇಗಿದೆ ಡಾಕ್ಟ್ರೇ ಎಂದು ಕೇಳಿದರು. ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಒಂದಷ್ಟು ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿ, ಎರಡನೇ ಸಲ ಹೋದಾಗ ಹೆಸರು ಹೇಳಿದರು. ಎಡಿಎಚ್‌ಡಿ ಅಂತೆ. ಗಮನ ಒಂದು ಕಡೆ ನಿಲ್ಲುವುದಿಲ್ಲ, ಕೈಕಾಲು ಸುಮ್ಮನಿರುವುದಿಲ್ಲ, ಹುಟ್ಟಿನಿಂದಲೇ ಮಿದುಳಿನ ಲಗಾಮು ಸ್ವಲ್ಪ ಸಡಿಲ. ಮಗು ಬೇಕೆಂದು ಮಾಡುವುದಲ್ಲ, ನೀವು ಬೆಳೆಸಿದ್ದು ತಪ್ಪೂ ಅಲ್ಲ ಎಂದರು. ನಾನು ಸೆರಗು ಬಾಯಿಗೆ ಹಿಡಿದು ಅತ್ತೆ. ಮಗಳಿಗಾಗಿ ಅತ್ತೆ ಎಂದು ಅವರು ತಿಳಿದರು. ಅವಳಿಗಾಗಿ ಅಷ್ಟೇ ಅಲ್ಲ. ಇಷ್ಟು ಸಣ್ಣ ಮಾತನ್ನು ಮೂವತ್ತು ವರ್ಷದ ಹಿಂದೆ ಯಾರಾದರೂ ನಮ್ಮ ಮನೆಯ ಜಗಲಿಗೆ ಬಂದು ಹೇಳಿದ್ದರೆ ಏನಾಗುತ್ತಿತ್ತು ಎಂದು ಅತ್ತೆ.

ಆಮೇಲೆ ಅವರು ಒಂದು ಹಾಳೆ ತೆಗೆದು ಬರೆಯುತ್ತಾ ಕೇಳಿದರು, ಮನೆಯಲ್ಲಿ ಅಥವಾ ವಂಶದಲ್ಲಿ ಇದೇ ಥರ ಯಾರಾದರೂ ಇದ್ದರಾ ಎಂದು. ನಾನು ಇಲ್ಲ ಎಂದೆ. ಯೋಚಿಸಲೂ ಇಲ್ಲ. ನಮ್ಮ ಕಡೆ ಯಾರೂ ಇಲ್ಲ ಮೇಡಂ ಎಂದು ಇನ್ನೊಂದು ಸಲ ಹೇಳಿದೆ. ಅವರು ಹಾಗೇ ಬರೆದುಕೊಂಡರು. ನಿನ್ನ ಹೆಸರು ಹೇಳಲು ನಾಚಿಕೆಯಾಯಿತು ಎಂದು ತಿಳಿಯಬೇಡ. ಇದ್ದಾನೆ ಎಂದಿದ್ದರೆ, ಅವನಿಗೆ ನೀವು ಏನು ಮಾಡಿಸಿದಿರಿ ಎಂದು ಕೇಳುತ್ತಾರೆ. ಅದಕ್ಕೆ ನನ್ನ ಬಳಿ ಉತ್ತರವಿತ್ತು, ಬಾಯಿ ಇರಲಿಲ್ಲ.

ಏನು ಮಾಡಿಸಿದೆವು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಶಾಲೆಯಲ್ಲಿ ಕೂರದವನು ಕುರಿಯಾದರೂ ಕಾಯಲಿ ಎಂದು ಅಪ್ಪ ಮಂದೆ ಬಿಟ್ಟುಕೊಟ್ಟರು. ನೀನು ಓತಿಕೇತದ ಹಿಂದೆ ಓಡಿದೆ, ಕುರಿ ಪಕ್ಕದ ಹೊಲದ ಕಡಲೆಕಾಯಿಗೆ ಬಿದ್ದವು. ನ್ಯಾಯ ಸೇರಿ ಅಪ್ಪ ತಲೆ ತಗ್ಗಿಸಿ ನಿಂತರು. ಅದಾದ ವಾರಕ್ಕೆ ನೀನು ಪಾಳುಬಾವಿಗೆ ಬಿದ್ದೆ, ಬದುಕಿದ್ದೇ ಹೆಚ್ಚು. ಅಪ್ಪನಿಗೆ ಓದು ಬರುತ್ತಿರಲಿಲ್ಲ, ವೈದ್ಯ ತಿಳಿದಿರಲಿಲ್ಲ. ಅವರಿಗೆ ತಿಳಿದಿದ್ದದ್ದು ಕುರಿ ಮತ್ತು ದನ. ಓಡಿ ಹೋಗುವ ತುಡುಗು ದನಕ್ಕೆ ಕೊರಡು ಕಟ್ಟಿದರೆ ಅದು ದೂರ ಹೋಗುವುದಿಲ್ಲ, ಕಳೆದು ಹೋಗುವುದಿಲ್ಲ, ಬಾವಿಗೆ ಬೀಳುವುದಿಲ್ಲ. ಜಾಲಿಯ ಮರದ ಮೊಳದುದ್ದದ ತುಂಡು, ತುದಿಗೆ ತೂತು, ತೂತಿಗೆ ಹಗ್ಗ. ದನಕ್ಕೆ ಕೊರಳಿಗೆ, ನಿನಗೆ ಕಾಲಿಗೆ. ಹನ್ನೆರಡು ವರ್ಷದವನು ನೀನು, ಹದಿನೈದು ವರ್ಷದವಳು ನಾನು. ನಿನ್ನ ಕಾಲು ಅಲ್ಲಾಡದ ಹಾಗೆ ಹಿಡಿದುಕೊಂಡವಳು ನಾನೇ. "ಅಕ್ಕಾ, ನೀನಾದ್ರೂ ಬುಡೇ" ಎಂದೆಯಲ್ಲ. ನಾನು ಬಿಡಲಿಲ್ಲ. ಒಂದು ಬೇಸಿಗೆ ಪೂರ್ತಿ ಆ ಕೊರಡು ಕಲ್ಲುಹಾಸಿನ ಮೇಲೆ ನಿನ್ನ ಹಿಂದೆ ಎಳೆದಾಡಿತು. ನೀರು ಸೇದಲು ಹೋದರೆ, ಹಿತ್ತಲಿಗೆ ಹೋದರೆ, ಎಲ್ಲಿದ್ದರೂ ಆ ಸದ್ದಿನಿಂದಲೇ ನೀನೆಲ್ಲಿದ್ದೀಯ ಎಂದು ನಮಗೆ ತಿಳಿಯುತ್ತಿತ್ತು. ಒಂದು ದಿನ ಸದ್ದು ನಿಂತಿತು. ಕೊರಡು ಕೆರೆಯ ಏರಿಯ ಮೇಲೆ ಬಿದ್ದಿತ್ತು, ಹಗ್ಗವನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಹರಿದಿದ್ದೆ. ನೀನಿರಲಿಲ್ಲ. ನನ್ನ ಮದುವೆಗೆ ಬಂದು ಚಪ್ಪರದ ಹೊರಗೇ ನಿಂತು ಹೇಳಿದೆ, ಆ ಕೊರಡಿರೋ ಮನೆಗೆ ನಾನು ಕಾಲಿಡಲ್ಲ ಕಣಕ್ಕ ಎಂದು. ಅದನ್ನು ಒಲೆಗಿಡೋಣ ಎಂದು ಅವ್ವ ಎಷ್ಟೋ ಸಲ ಅತ್ತಳು. ಅಪ್ಪ ಬಿಡಲಿಲ್ಲ. ಕೊಟ್ಟಿಗೆಯ ಜಂತೆಗೆ ಸಿಕ್ಕಿಸಿಟ್ಟರು. ಯಾಕೆ ಎಂದರೆ ಎದ್ದು ಹೋಗುತ್ತಿದ್ದರು. ಹಟಮಾರಿ ಮುದುಕ ಎಂದೇ ನಾವೆಲ್ಲ ತಿಳಿದಿದ್ದೆವು.

ಮನೆಗೆ ಈಗ ಟೈಲ್ಸ್ ಹಾಕಿಸಿದ್ದೇವೆ. ಕಲ್ಲುಹಾಸು ಒಂದೂ ಉಳಿದಿಲ್ಲ. ಆದರೂ ಎರಡು ವರ್ಷದಿಂದ ಅಪ್ಪನಿಗೆ ಆ ಸದ್ದು ಕೇಳುತ್ತದೆ. ಮಧ್ಯಾಹ್ನ ಉಂಡು ಗೋಡೆಗೆ ಒರಗಿದವರು ತಟ್ಟನೆ ತಲೆ ಎತ್ತುತ್ತಾರೆ. "ಮೂರ್ತಿ ಹಿತ್ಲಾಗವ್ನೆ, ನೋಡವ್ವ" ಎನ್ನುತ್ತಾರೆ. ಯಾರೂ ಇಲ್ಲಪ್ಪ ಎಂದರೆ ನಂಬುವುದಿಲ್ಲ, ಎದ್ದು ಗೋಡೆ ಹಿಡಿದುಕೊಂಡು ಹೋಗಿ ನೋಡಿ ಬರುತ್ತಾರೆ. ಸ್ನೇಹ ಅವರ ಮುಂದೆ ಓಡಿದಾಗಲೆಲ್ಲ ಅವಳನ್ನೂ ಮೂರ್ತಿ ಎಂದೇ ಕರೆಯುತ್ತಾರೆ. ನಾನು ಮೂರ್ತಿ ಅಲ್ಲ ತಾತ ಎಂದು ಅವಳು ಮೊದಮೊದಲು ಜಗಳ ಮಾಡುತ್ತಿದ್ದಳು. ಈಗ ಆ ಹೆಸರಿಗೂ ಓ ಎನ್ನುತ್ತಾಳೆ. ಹಗಲು ಹೊತ್ತಿನಲ್ಲೇ ನನಗೆ ಭಯವಾಗುವುದು ಅದನ್ನು ಕೇಳಿದಾಗ.

ಡಾಕ್ಟರ ಮದ್ದು ಹಿಡಿಯುತ್ತಿತ್ತು. ಮಾತ್ರೆ ಸರ್ಕಾರದ್ದೇ, ಪುಕ್ಕಟೆ. ತುಮಕೂರಿನ ಟ್ರೈನಿಂಗಿಗೆ ಕಟ್ಟಲಾಗುವುದಿಲ್ಲ ಎಂದಾಗ ಡಾಕ್ಟರು ನನ್ನನ್ನೇ ಕೂರಿಸಿಕೊಂಡು ಕಲಿಸಿದರು. ಒಂದು ಸಲಕ್ಕೆ ಒಂದೇ ಕೆಲಸ ಹೇಳು, ಕಣ್ಣು ನೋಡಿ ಹೇಳು, ಹತ್ತು ನಿಮಿಷ ಕೂತರೆ ಐದು ನಿಮಿಷ ಓಡಲು ಬಿಡು, ಕಾಲಿಗೆ ಕೆಲಸ ಕೊಡು. ಶಾಲೆಯಲ್ಲಿ ಗಂಟೆ ಹೊಡೆಯುವ ಕೆಲಸ ಇವಳಿಗೇ ಕೊಡಿ ಎಂದು ಹೆಡ್ ಮಾಸ್ಟರಿಗೂ ಹೇಳಿ ಕಳಿಸಿದರು. ಗಂಗಹನುಮಯ್ಯನವರು ಒಪ್ಪಿದರು, ಆದರೆ ಡಾಕ್ಟರಿಂದ ಸಹಿ ಮಾಡಿದ ಒಂದು ಕಾಗದ ಬೇಕು, ಇಲ್ಲದಿದ್ದರೆ ನಾಳೆ ಮೇಲಿನವರು ಕೇಳಿದಾಗ ನಾನೇನು ಹೇಳಲಿ ಎಂದರು. ಅಷ್ಟರಲ್ಲಿ ಸಂಕ್ರಾಂತಿ ಕಳೆದ ಮೇಲೆ ಮಾತ್ರೆ ಮುಗಿದಿತ್ತು. ಎರಡು ವಾರ ಸ್ಟಾಕ್ ಬರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಆ ಎರಡು ವಾರದಲ್ಲೇ ಎಲ್ಲ ಆದದ್ದು. ಬಸ್ ಸ್ಟಾಪಿನಲ್ಲಿ ನನ್ನ ಕೈ ಕೊಸರಿಕೊಂಡು ಒಂದು ನಾಯಿಮರಿಯ ಹಿಂದೆ ರಸ್ತೆಗೆ ಓಡಿದಳು. ಜಲ್ಲಿ ತುಂಬಿದ ಟಿಪ್ಪರ್ ಅವಳ ಜಡೆಯ ಪಕ್ಕಕ್ಕೆ ಬಂದು ನಿಂತಿತು. ಡ್ರೈವರ್ ಇಳಿದು ಬಂದು ನನ್ನನ್ನು ಬೈಯಲೂ ಆಗದೆ ರಸ್ತೆಯ ಮೇಲೇ ಕೂತುಬಿಟ್ಟ. ಅವಳು ನಾಯಿಮರಿ ಎತ್ತಿಕೊಂಡು ನಗುತ್ತಿದ್ದಳು.

ಅದರ ಮಾರನೇ ದಿನ ಮಂಗಳವಾರ, ನಾನು ಮಧುಗಿರಿಗೆ ಹೋಗಲೇಬೇಕಾಗಿತ್ತು, ಆ ಸಹಿ ಮಾಡಿದ ಕಾಗದ ತರಲು. ಅವತ್ತು ತಾರದಿದ್ದರೆ ಶಾಲೆಯಿಂದ ಬಿಡಿಸಿಕೊಳ್ಳಿ ಎನ್ನುವಲ್ಲಿಗೆ ಬಂದಿತ್ತು. ಇವಳನ್ನು ಮತ್ತೆ ಆ ರಸ್ತೆಗೆ ಕರೆದೊಯ್ಯಲು ಎದೆಯಿರಲಿಲ್ಲ. ನಿನ್ನ ಭಾವ ಲೋಡು ತೆಗೆದುಕೊಂಡು ಹಿಂದೂಪುರಕ್ಕೆ ಹೋಗಿದ್ದರು. ಮನೆಯಲ್ಲಿ ಅಪ್ಪ ಮತ್ತು ಮಗು ಇಬ್ಬರೇ. ಕೊರಡು ಜಂತೆಯಿಂದ ಕೆಳಗಿಳಿದದ್ದು ಅವತ್ತು. ಸ್ನೇಹಳ ಎಡಗಾಲಿಗೆ. ನಾನು ಹೋಗಿ ಬರುವ ಎರಡು ಮೂರು ಗಂಟೆಯ ಹೊತ್ತು. ಕಟ್ಟಿದ ಕೈ ಯಾವುದು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಆ ಕುರಿಗಾಹಿ ಗಂಟನ್ನು ಈ ಮನೆಯಲ್ಲಿ ಯಾರು ಹಾಕುತ್ತಾರೆ ಎಂದು ನಿನ್ನ ಕಾಲಿಗೇ ಗೊತ್ತು. ನಾನು ಬಂದಾಗ ಕೊರಡು ಬಿಚ್ಚಿ ಬಿದ್ದಿತ್ತು. ಅವಳ ಕಾಲಿನಲ್ಲಿ ಹಗ್ಗದ ಕೆಂಪು ಗುರುತು ನಾಲ್ಕು ದಿನ ಇತ್ತು.

ಇದನ್ನೆಲ್ಲ ಯಾಕೆ ಬರೆದೆ ಎಂದರೆ, ಬರುವ ಮಂಗಳವಾರ, ಶಿವರಾತ್ರಿಯ ಹಿಂದಿನ ದಿನ, ಮತ್ತೆ ಡಾಕ್ಟರ್ ಗಂಗಾಂಬಿಕಾ ಬರುತ್ತಾರೆ. ಆ ಹಾಳೆಯಲ್ಲಿ ನಾನು ಬರೆಸಿದ ಸುಳ್ಳನ್ನು ಅವತ್ತು ತಿದ್ದಿಸಬೇಕು ಎಂದಿದ್ದೇನೆ. ನನ್ನ ತಮ್ಮ ಇದ್ದಾನೆ, ಇದೇ ಥರ ಇದ್ದಾನೆ ಎಂದು ಹೇಳುತ್ತೇನೆ. ನೀನೂ ಬಾ ಮೂರ್ತಿ. ಪಾವಗಡದಿಂದ ಬೆಳಗ್ಗೆಯ ಬಸ್ಸು ಹಿಡಿದರೆ ಹತ್ತು ಗಂಟೆಗೆ ಮಧುಗಿರಿ. ಮನೆಗೆ ಬಾ ಎಂದು ಕರೆಯುತ್ತಿಲ್ಲ, ಆಸ್ಪತ್ರೆಗೆ ಬಾ ಎನ್ನುತ್ತಿದ್ದೇನೆ. ದೊಡ್ಡವರಿಗೂ ಅಲ್ಲಿ ನೋಡುತ್ತಾರಂತೆ, ನಿನಗೂ ಒಂದು ಚೀಟಿ ಮಾಡಿಸುತ್ತೇನೆ, ಅದಕ್ಕೂ ಯಾವ ಕಾರ್ಡೂ ಬೇಡ. ಆದರೆ ಮುಖ್ಯವಾಗಿ ಅವಳಿಗಾಗಿ ಬಾ. ಒಳಗೆ ಓಡುವವರು ಯಾರು, ಅವರು ಎಷ್ಟು ದೂರ ಓಡುತ್ತಾರೆ, ಅವರ ಹಿಂದೆ ಹೋಗಿ ವಾಪಸ್ಸು ಬರುವುದು ಹೇಗೆ ಎಂದು ಅವಳಿಗೆ ನಾನು ಹೇಳಲಾರೆ, ಡಾಕ್ಟರೂ ಹೇಳಲಾರರು. ಇಷ್ಟು ದಿನ ಓಡಿ ಬದುಕಿ ಉಳಿದವನು ನೀನೊಬ್ಬನೇ. ಅವಳು ಒಮ್ಮೆ ನಿನ್ನನ್ನು ನೋಡಬೇಕು. ಇಂಥವರು ದೊಡ್ಡವರಾಗುತ್ತಾರೆ, ದುಡಿಯುತ್ತಾರೆ, ಹತ್ತು ಜನರನ್ನು ನಗಿಸುತ್ತಾರೆ ಎಂದು ಅವಳ ಕಣ್ಣಿಗೆ ಕಾಣಬೇಕು. ನಾನೂ ಒಮ್ಮೆ ನಿನ್ನ ಮುಖ ನೋಡಬೇಕು.

ಊಟ ಬಿಡಬೇಡ, ನಡೆದುಕೊಂಡಾದರೂ ಹೊಟ್ಟೆ ತುಂಬ ಉಣ್ಣು. ಬೀಡಿ ಕಡಿಮೆ ಮಾಡು. ನಿನ್ನ ಭಾವ ನೆನಪು ಹೇಳಿದ್ದಾರೆ. ಸ್ನೇಹ ಈ ಹಾಳೆಯ ತುದಿಯಲ್ಲಿ ನಿನಗೆಂದು ಒಂದು ಕುರಿ ಬರೆದಿದ್ದಾಳೆ. ಕಾಲು ಮೂರೇ ಇವೆ, ನಾಲ್ಕನೆಯದನ್ನು ಬರೆಯುವಷ್ಟರಲ್ಲಿ ಎದ್ದು ಹೋದಳು. ನೀನು ತಣ್ಣಗಿರು, ನಡೆದ ಹಾದಿಯಲ್ಲೆಲ್ಲ ನೆರಳು ಸಿಗಲಿ.

ನಿನ್ನ ಅಕ್ಕ,
ಯಶೋದ

ವಿ.ಸೂ.: ನವೀನ ಹೊರಗೆ ಬೈಕು ಚಾಲೂ ಮಾಡಿಕೊಂಡು ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಕಡೆ ನಿನಗೆ ಮೋಸ ಮಾಡಿದ್ದೇನೆ. ಸ್ನೇಹಳಿಗೆ ಕೊರಡು ಕಟ್ಟಿದ್ದು ಅಪ್ಪ ಅಲ್ಲ. ನಾನು. ಎರಡೇ ಗಂಟೆ ಎಂದುಕೊಂಡು, ಟಿಪ್ಪರ್ ಕಣ್ಣ ಮುಂದೆ ಇತ್ತು, ನಾನೇ ಜಂತೆಯಿಂದ ತೆಗೆದು ಕಟ್ಟಿದೆ. ಗಂಟು ಅಪ್ಪ ಕಲಿಸಿದ್ದೇ. ನೀನು ಅತ್ತಿದ್ದೆ, ಅವಳು ಅಳಲಿಲ್ಲ. ಗೆಜ್ಜೆ ಕಟ್ಟುತ್ತಾಳೆ ಎಂದುಕೊಂಡು ತಾನೇ ಕಾಲು ಚಾಚಿದಳು. ನಾನು ಹೋದ ಮೇಲೆ ಆ ಸದ್ದು ಕೇಳಿ ಅಪ್ಪ ಎದ್ದು ಬಂದಿದ್ದಾರೆ, ಬೆರಳಿನಲ್ಲಿ ಬಿಚ್ಚಲಾಗದೆ ಕುಡುಗೋಲಿನಲ್ಲಿ ಕೊಯ್ದಿದ್ದಾರೆ. ಕಣ್ಣು ಕಾಣದು, ಕುಡುಗೋಲು ಮಗುವಿಗೆ ತಾಗಬಾರದೆಂದು ಅವಳ ಕಾಲಿಗೂ ಹಗ್ಗಕ್ಕೂ ನಡುವೆ ತಮ್ಮ ಅಂಗೈ ಇಟ್ಟುಕೊಂಡು ಕೊಯ್ದಿದ್ದಾರೆ. ನಾನು ಬಂದಾಗ ಜಗಲಿಯೆಲ್ಲ ರಕ್ತ, ಅವಳು ಅವರ ಮಗ್ಗುಲಲ್ಲಿ ಅಲ್ಲಾಡದೆ ಕೂತಿದ್ದಳು. ಅಪ್ಪ ನನ್ನನ್ನು ಬೈಯಲಿಲ್ಲ. "ನಾನು ಕಟ್ಟಿ ಒಬ್ಬನ್ನ ಕಳ್ಕಂಡೆ. ನೀನು ಕಳ್ಕಬ್ಯಾಡ ಕಣವ್ವ. ಅದ್ಕೇ ಅದನ್ನ ಕಣ್ಮುಂದೆ ಮಡಿಕ್ಕೊಂಡಿದ್ದು" ಎಂದರು. ಅವರ ಮೇಲಿನ ಸಿಟ್ಟಿಗೆ ನೀನು ಬಾರದೆ ಇರಬಾರದು, ಅದಕ್ಕೇ ಇದನ್ನು ಬರೆದೆ. ಸಿಟ್ಟು ಇನ್ನು ನನ್ನ ಮೇಲಿರಲಿ. ಕೊರಡನ್ನು ಮೊನ್ನೆ ಒಲೆಗಿಟ್ಟೆ, ಬೂದಿಯನ್ನೂ ತಿಪ್ಪೆಗೆ ಹಾಕಿದೆ. ಅಪ್ಪ ಈ ಸಲ ತಡೆಯಲಿಲ್ಲ. ಅವರಿಗೆ ಈಗ ಸದ್ದು ಕೇಳುತ್ತಿಲ್ಲ. ಇವತ್ತು ಮಧ್ಯಾಹ್ನ ಈ ಕಾಗದ ಬರೆಯುತ್ತಾ ಕೂತಿದ್ದಾಗ ಕಲ್ಲಿನ ಮೇಲೆ ಕೊರಡು ಎಳೆದ ಹಾಗೆ ನನಗೇ ಕೇಳಿಸಿತು. ಎದ್ದು ಹಿತ್ತಲಿಗೆ ಹೋಗಿ ನೋಡಿ ಬಂದೆ. ಯಾರೂ ಇರಲಿಲ್ಲ. ಮಂಗಳವಾರ ಹತ್ತು ಗಂಟೆಗೆ ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಅವಳ ಕೈ ಹಿಡಿದುಕೊಂಡು ನಿಂತಿರುತ್ತೇನೆ. ಬಾ.